ಬ್ಯಾಕ್ಟೀರಿಯಾದಲ್ಲಿ ಕಡಲಾಮೆ: ಬಲೆ ಪ್ಲೇಟು, ಬೆಳಕಿನ ಪ್ಲೇಟು

ಕರಾವಳಿಯ ಕಾಲೇಜು ಲ್ಯಾಬೊಂದರಲ್ಲಿ ಆಲಿವ್ ರಿಡ್ಲೆ ಕಡಲಾಮೆಯ ಕುರಿತು ಮಾಡಿದ ಎರಡು ಅಗಾರ್ ಚಿತ್ರಗಳ, ಅಂದರೆ ಅಗಾರ್ ಎಂಬ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಬಿಡಿಸಿದ ಚಿತ್ರಗಳ, ಕೆಲಸದ ಟಿಪ್ಪಣಿ ಇದು. ಮೊದಲನೆಯದರಲ್ಲಿ ಆಮೆಯ ಮೇಲೆ ಅನಾಥ ಬಲೆ (ಕಡಲಲ್ಲಿ ಕಳೆದುಹೋದ ಮೀನುಬಲೆ) ತಾನೇ ಬೆಳೆದು ಹರಡಿಕೊಳ್ಳುತ್ತದೆ. ಎರಡನೆಯದರಲ್ಲಿ ಕತ್ತಲಲ್ಲಿ ಸಮುದ್ರದ ಅಂಚು ಹೊಳೆಯುತ್ತದೆ, ಪಕ್ಕದಲ್ಲೊಂದು ಬಿಳಿ ಬಲ್ಬು ಹೊತ್ತಿಸಿದರೆ ಕಾಣದಾಗುತ್ತದೆ. ಪ್ರೌಢಶಾಲೆ, ಪಿಯು ಮಕ್ಕಳಿಗೆ ತೋರಿಸಲಿಕ್ಕೆಂದು ಮಾಡಿದ್ದು.

ಪೆಟ್ರಿ ಪ್ಲೇಟಿನಲ್ಲಿ ಚಿತ್ರ ಬಿಡಿಸುವುದು ಹೊಸದೇನಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ ಬಿಡಿಸುತ್ತಿದ್ದ. ಅಮೆರಿಕನ್ ಸೊಸೈಟಿ ಫಾರ್ ಮೈಕ್ರೋಬಯಾಲಜಿ 2015ರಿಂದ ಇದಕ್ಕೊಂದು ಸ್ಪರ್ಧೆಯನ್ನೇ ಇಟ್ಟಿದೆ. ಆದರೆ ಹೆಚ್ಚಿನವರು ಬಣ್ಣ ನೋಡಿ ಬ್ಯಾಕ್ಟೀರಿಯಾ ಆರಿಸುತ್ತಾರೆ. ಜಾಗೃತಿಗೆಂದು ಮಾಡುವುದಾದರೆ ಅದರ ನಡತೆ ನೋಡಿ ಆರಿಸುವುದು ಮೇಲು: ಯಾವುದು ಹರಡುತ್ತದೆ, ಯಾವುದು ಹೊಳೆಯುತ್ತದೆ, ಯಾವುದು ಕೂತಲ್ಲೇ ಕೂರುತ್ತದೆ. ಬಣ್ಣದ ಆಮೆಯನ್ನು ಪೋಸ್ಟರಿನಲ್ಲೂ ತೋರಿಸಬಹುದು.

ಹಂತ 1: ಯಾವ ಬ್ಯಾಕ್ಟೀರಿಯಾ

ಬಳಸಿದ್ದು ನಾಲ್ಕು. ಆಮೆಯ ಚಿಪ್ಪಿಗೆ ಹಳದಿಯ ಮೈಕ್ರೋಕಾಕಸ್ ಲ್ಯೂಟಿಯಸ್. ತಲೆ, ಈಜುಗಾಲಿಗೆ ಗುಲಾಬಿ ಬಣ್ಣದ ಕೊಕುರಿಯ ರೋಸಿಯ. ಬಲೆಗೆ ಬೇರಿನಂತೆ ಕವಲೊಡೆದು ಹರಡುವ ಬ್ಯಾಸಿಲಸ್ ಮೈಕಾಯ್ಡಿಸ್. ಬೆಳಕಿಗೆ ಅಲಿವಿಬ್ರಿಯೊ ಫಿಶರಿ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಇಂಥ ಸೂಕ್ಷ್ಮಜೀವಿ ಸಂಗ್ರಹಗಳಿಂದ ಹೆಸರು ಗೊತ್ತಿರುವ ತಳಿಯನ್ನೇ ತರಿಸಿ. ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಅರ್ಜಿ ಬೇಕಾಗುತ್ತದೆ, ಬರುವುದಕ್ಕೆ ವಾರಗಳು ಹಿಡಿಯುತ್ತವೆ. ಕೆಲಸ ಶುರುವಾಗುವುದು ಇಲ್ಲಿಂದಲೇ, ಪ್ಲೇಟು ಸುರಿಯುವ ದಿನದಿಂದಲ್ಲ.

ಮೈಕಾಯ್ಡಿಸ್ ತೋಟದ ಮಣ್ಣಿನಲ್ಲಿ ಧಾರಾಳವಾಗಿ ಸಿಗುತ್ತದೆ. ಮಣ್ಣು ಕಲಸಿದ ನೀರನ್ನು 80° ಸೆ.ನಲ್ಲಿ 10 ನಿಮಿಷ ಇಟ್ಟು ಪ್ಲೇಟಿನ ಮೇಲೆ ಎಳೆದರೆ ಬೇರುಬೇರಾದ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಬಂದೇ ಬರುತ್ತದೆ. ಆದರೂ ಹಾಗೆ ಹಿಡಿದದ್ದನ್ನು ಮಕ್ಕಳ ಮುಂದೆ ಇಡಕೂಡದು. ಆಂತ್ರಾಕ್ಸ್ ತರುವುದೂ, ಹಳಸಿದ ಅನ್ನದ ಮೂಲಕ ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ಸೂ ಇದರ ಹತ್ತಿರದ ನೆಂಟರು; ಕಾಲೊನಿ ನೋಡಿ ಇದೇ ಎಂದು ಹೇಳುವುದು ಜವಾಬ್ದಾರಿಯ ಮಾತಲ್ಲ. ಹೊಳೆಯುವ ಬ್ಯಾಕ್ಟೀರಿಯಾಕ್ಕೂ ಇದೇ ಮಾತು. ಬಂದರಿನ ಬೊಂಡಾಸ್‌ನಿಂದ (ಸ್ಕ್ವಿಡ್) ತೆಗೆಯಬಹುದು ನಿಜ. ಆದರೆ ಅದನ್ನು ಬೆಳೆಸುವ ಉಪ್ಪು ಮಾಧ್ಯಮದಲ್ಲಿ (ಬ್ಯಾಕ್ಟೀರಿಯಾಕ್ಕೆ ಕೊಡುವ ಆಹಾರ) ಕಾಯಿಲೆ ತರುವ ವಿಬ್ರಿಯೊಗಳೂ ಸುಖವಾಗಿ ಬೆಳೆಯುತ್ತವೆ.

ಬಿಟ್ಟವುಗಳ ಪಟ್ಟಿಯೂ ಮುಖ್ಯ. ಕೆಂಪಿಗೆ ಎಲ್ಲರೂ ಸೂಚಿಸುವ ಸೆರೇಶಿಯಾ ಮಾರ್ಸೆಸೆನ್ಸ್, ನೇರಳೆಗೆ ಸೂಚಿಸುವ ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ಎರಡೂ ದುರ್ಬಲರಿಗೆ ಸೋಂಕು ತರಬಲ್ಲವು. ಸಾರ್ವಜನಿಕ ಪ್ರದರ್ಶನಕ್ಕೆ ಬೇಡ. ನೇರಳೆಗೆ ಬದಲಿ ಜಾಂಥಿನೊಬ್ಯಾಕ್ಟೀರಿಯಂ ಲಿವಿಡಂ. ಅದಕ್ಕೆ 25° ಸೆ. ದಾಟಬಾರದು. ಜೊತೆಗೆ ಅದರ ನೇರಳೆ ವರ್ಣವೇ ಪಕ್ಕದ ಹಳದಿಯನ್ನು ತಡೆಯುತ್ತದೆ, ಎರಡರ ನಡುವೆ ಖಾಲಿ ಪಟ್ಟಿ ಬಿದ್ದು ಚಿತ್ರ ಒಡೆದಂತೆ ಕಾಣುತ್ತದೆ. ಅದನ್ನೂ ಬಿಟ್ಟದ್ದಾಯಿತು.

ತುಂಬ ಆಸೆ ಹುಟ್ಟಿಸುವ ಇನ್ನೊಂದು ದಾರಿ ಇದೆ. ಗ್ರೇಟ್ ಬ್ಯಾರಿಯರ್ ರೀಫಿನಲ್ಲಿರುವ ಅಕ್ರೊಪೊರ ಮಿಲೆಪೊರ ಹವಳದ ನೀಲಿ ವರ್ಣದ ಜೀನನ್ನು ಇ. ಕೋಲಿಗೆ ಸೇರಿಸಿದರೆ ಕಾಲೊನಿ ಗಾಢ ನೀಲಿಯಾಗುತ್ತದೆ. ಹವಳದ ಬಣ್ಣದಲ್ಲೇ ಹವಳ ಬಿಡಿಸುವುದು! ಆದರೆ ಅದು ಜೀನ್ ಬದಲಿಸಿದ ಜೀವಿ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ಲ್ಯಾಬಿನ ಬಾಗಿಲು ದಾಟಿಸುವಂತಿಲ್ಲ. ಪ್ರದರ್ಶನಕ್ಕೆ ಅದರ ಫೋಟೋ ಮಾತ್ರ ಸಾಧ್ಯ.

ಹಂತ 2: ಆಮೆಯ ನಕ್ಷೆ

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಂಡ. ಆಲಿವ್ ರಿಡ್ಲೆಯ ಚಿಪ್ಪು ಹೆಚ್ಚುಕಡಿಮೆ ದುಂಡಗೆ, ಹೃದಯದಾಕಾರದಲ್ಲಿರುತ್ತದೆ. ಬೆನ್ನಿನ ನಡುಸಾಲಿನ ಎರಡೂ ಪಕ್ಕದ ಫಲಕಗಳು 6ರಿಂದ 9 ಜೊತೆ. ಎಡಬಲ ಸಮ ಇರಲೇಬೇಕೆಂದಿಲ್ಲ. ಹಸಿರು ಕಡಲಾಮೆಗೆ 4 ಜೊತೆ, ಲಾಗರ್‌ಹೆಡ್‌ಗೆ 5. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಆಮೆ ಚಿತ್ರಗಳಲ್ಲಿ ಬಹುಪಾಲು ಹಸಿರು ಕಡಲಾಮೆಯವೇ. ಅದನ್ನೇ ಬಿಡಿಸಿ ಕೆಳಗೆ ಆಲಿವ್ ರಿಡ್ಲೆ ಎಂದು ಬರೆದರೆ ಮೊದಲು ನಗುವವರು ಮೀನುಗಾರರು.

ಫಲಕಗಳ ಲೆಕ್ಕವೇ ಪ್ಲೇಟಿನ ಅಳತೆಯನ್ನೂ ಗೊತ್ತುಮಾಡಿತು. 90 ಮಿ.ಮೀ. ಪ್ಲೇಟಿನಲ್ಲಿ ಚಿಪ್ಪಿಗೆ ಸಿಗುವ ಉದ್ದ 50 ಮಿ.ಮೀ.; ಒಂದು ಪಕ್ಕಕ್ಕೆ 7 ಫಲಕವೆಂದರೆ ತಲಾ 7 ಮಿ.ಮೀ. ಟೂತ್‌ಪಿಕ್ಕಿನಿಂದ ಎಳೆದ 1 ಮಿ.ಮೀ. ಗೆರೆ ಮೂರು ದಿನದಲ್ಲಿ 3 ಮಿ.ಮೀ. ದಪ್ಪವಾಗುತ್ತದೆ. ಫಲಕಗಳೆಲ್ಲ ಕೂಡಿಕೊಂಡು ಆಮೆ ಹೋಗಿ ನಿಂಬೆಹಣ್ಣು ಉಳಿಯಿತು. 150 ಮಿ.ಮೀ. ಪ್ಲೇಟಿನಲ್ಲಿ ಚಿಪ್ಪು 90 ಮಿ.ಮೀ. ಬರುತ್ತದೆ, ಫಲಕಕ್ಕೆ 12–13 ಮಿ.ಮೀ. ಸಿಗುತ್ತದೆ, ಗೆರೆ ದಪ್ಪವಾದರೂ ಒಳಗೆ ಜಾಗ ಉಳಿಯುತ್ತದೆ. ದೊಡ್ಡ ಪ್ಲೇಟು ದುಬಾರಿ, ಆದರೆ ಈ ಚಿತ್ರಕ್ಕೆ ಬೇರೆ ಗತಿಯಿಲ್ಲ.

ಹಂತ 3: ಮಾಧ್ಯಮ

ರೆಡಿಮೇಡ್ ನ್ಯೂಟ್ರಿಯೆಂಟ್ ಅಗಾರ್ ಪುಡಿ ಲೀಟರಿಗೆ 28 ಗ್ರಾಂ. ಅದರಲ್ಲಿ ಅಗಾರ್ 15 ಗ್ರಾಂ ಇರುತ್ತದೆ. ಇನ್ನೂ 5 ಗ್ರಾಂ ಬರೀ ಅಗಾರ್ ಸೇರಿಸಿದರೆ ಶೇ. 2 ಆಗುತ್ತದೆ. ಇಷ್ಟು ಗಟ್ಟಿಯಿದ್ದರೆ ಟೂತ್‌ಪಿಕ್ ಮೇಲ್ಮೈ ಸೀಳುವುದಿಲ್ಲ. 121° ಸೆ.ನಲ್ಲಿ 15 ನಿಮಿಷ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಇಲ್ಲದಿದ್ದರೆ 15 ಪಿಎಸ್‌ಐ ಒತ್ತಡ ಕಟ್ಟುವ ದೊಡ್ಡ ಪ್ರೆಷರ್ ಕುಕ್ಕರ್ ಸಾಕು, 25 ನಿಮಿಷ ಇಡಿ. 50° ಸೆ.ಗೆ ಇಳಿದ ಮೇಲೆ 150 ಮಿ.ಮೀ. ಪ್ಲೇಟಿಗೆ 60 ಮಿ.ಲೀ.; ಒಂದು ಲೀಟರಿಗೆ 16 ಪ್ಲೇಟು.

ಬಿಸಿ ಇದ್ದಾಗಲೇ ಸುರಿದರೆ ಮುಚ್ಚಳದಲ್ಲಿ ಹನಿ ಕಟ್ಟಿ, ಬಿಡಿಸಿದ ಗೆರೆಯ ಮೇಲೆ ಬಿದ್ದು ಹರಿಯುತ್ತದೆ. ಗಟ್ಟಿಯಾದ ಮೇಲೆ ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿಯ ಪೆಟ್ಟಿಗೆ) ಒಳಗೆ ಮುಚ್ಚಳ ಓರೆಮಾಡಿ 20–30 ನಿಮಿಷ ಒಣಗಿಸಿ. ಅದಕ್ಕಿಂತ ಹೆಚ್ಚು ಬೇಡ. ತೀರಾ ಒಣಗಿದ ಪ್ಲೇಟಿನಲ್ಲಿ ಮೈಕಾಯ್ಡಿಸ್ ನಿಂತಲ್ಲೇ ನಿಲ್ಲುತ್ತದೆ. ಕರಾವಳಿಯ ಮಳೆಗಾಲದ ತೇವದಲ್ಲಿ ಉಲ್ಟಾ ಸಮಸ್ಯೆ: ಒಣಗುವುದೇ ಇಲ್ಲ. ಸುರಿದ ಪ್ಲೇಟನ್ನು ಒಂದು ರಾತ್ರಿ 30° ಸೆ. ಇನ್‌ಕ್ಯುಬೇಟರಿನಲ್ಲಿ ಮಗುಚಿ ಇಟ್ಟರೆ ಸರಿಹೋಗುತ್ತದೆ, ಹೊರಗಿನ ಸೋಂಕು ಬಿದ್ದದ್ದೂ ಬೆಳಿಗ್ಗೆಗೇ ತಿಳಿಯುತ್ತದೆ.

ಕೆಲಸಕ್ಕೆ ಬಾರದೇ ಹೋದದ್ದು ಎರಡು.

ಮೊದಲನೆಯದು ಕಪ್ಪು ಅಗಾರ್. ಬಿಳಿ ಬಲೆ ಎದ್ದು ಕಾಣಲೆಂದು ಲೀಟರಿಗೆ 3 ಗ್ರಾಂ ಆಕ್ಟಿವೇಟೆಡ್ ಇದ್ದಿಲು ಹಾಕಲಾಯಿತು. ಪ್ರತಿ ಪ್ಲೇಟಿಗೂ ಮುಂಚೆ ಫ್ಲಾಸ್ಕ್ ಅಲುಗಾಡಿಸದಿದ್ದರೆ ಇದ್ದಿಲೆಲ್ಲ ತಳಕ್ಕೆ. ಅದನ್ನು ಸಂಭಾಳಿಸಬಹುದು. ಆದರೆ ಪ್ಲೇಟಿನಡಿ ಇಟ್ಟ ಆಮೆಯ ನಕ್ಷೆಯೇ ಕಾಣದು! ತಿಳಿ ಅಗಾರ್ ಸುರಿದು, ಫೋಟೋ ತೆಗೆಯುವಾಗ ಕೆಳಗೊಂದು ಕಪ್ಪು ಕಾಗದ ಇಡುವುದೇ ಸರಿ.

ಎರಡನೆಯದು ಆಲಿವ್ ಹಸಿರಿಗೆ ಇಎಂಬಿ (ಇಯೊಸಿನ್ ಮೆಥಿಲೀನ್ ಬ್ಲೂ) ಅಗಾರ್. ಇ. ಕೋಲಿ ಅದರ ಮೇಲೆ ಲೋಹದ ಹಸಿರು ಹೊಳಪು ಕೊಡುತ್ತದೆಂದು ಪಠ್ಯಪುಸ್ತಕದಲ್ಲೇ ಇದೆ. ಲ್ಯಾಬಿನಲ್ಲಿ ಕೈಗೆ ಸಿಗುವ ಇ. ಕೋಲಿ ತಳಿ ಸಾಮಾನ್ಯವಾಗಿ ಡಿಎಚ್‌5 ಆಲ್ಫಾ. ಇಎಂಬಿಯಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಅರಗಿಸಲು ಅದಕ್ಕೆ ಬರುವುದಿಲ್ಲ, ಹಾಗಾಗಿ ಹಸಿರೂ ಇಲ್ಲ. ಎಂಜಿ1655 ತಳಿಯಲ್ಲಿ ಹಸಿರು ಬರುತ್ತದೆ. ಆದರೆ ಇಎಂಬಿಯ ವರ್ಣಗಳು ಗ್ರಾಂ ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾಗಳನ್ನು ತಡೆಯುವುದರಿಂದ ಹಳದಿ, ಗುಲಾಬಿ, ಬಲೆ ಮೂರೂ ಅಲ್ಲಿ ಬೆಳೆಯವು. ಹಸಿರು ಆಮೆಯೊಂದೇ ಬೇಕಿದ್ದವರಿಗೆ ಅದು ಚೆನ್ನ. ಇಲ್ಲಿ ಹಳದಿಗೇ ಒಗ್ಗಿಕೊಂಡದ್ದಾಯಿತು.

ಹಂತ 4: ಬಿಡಿಸುವುದು (0 ಗಂಟೆ)

ರಾತ್ರಿಯಿಡೀ ಬೆಳೆದ ಬ್ರಾತ್ (ಅಗಾರ್ ಇಲ್ಲದ ದ್ರವ ಮಾಧ್ಯಮ) ತುಂಬ ತೆಳು. ಗೆರೆ ಹರಡುತ್ತದೆ, ನಡುನಡುವೆ ಖಾಲಿ ಬೀಳುತ್ತದೆ. ಪ್ಲೇಟಿನ ಮೇಲೆ 48 ಗಂಟೆ ಬೆಳೆದ ಕಾಲೊನಿಯನ್ನೇ ಲೂಪಿನಲ್ಲಿ (ತುದಿಗೆ ಉಂಗುರವಿರುವ ತಂತಿ) ಕೆರೆದು ಅರ್ಧ ಮಿ.ಲೀ. ಶೇ. 0.85 ಉಪ್ಪುನೀರಿಗೆ ಹಾಕಿ ಚೆನ್ನಾಗಿ ವೋರ್ಟೆಕ್ಸ್ ಮಾಡಿ. ಮಜ್ಜಿಗೆಯಷ್ಟು ಮಂದವಿರಬೇಕು. ಮೈಕ್ರೋಕಾಕಸ್ ಗುಂಪುಗುಂಪಾಗಿ ಬೆಳೆಯುವುದರಿಂದ ಬೇಗ ತಳ ಸೇರುತ್ತದೆ, ಪ್ರತಿ ಅದ್ದಿಗೂ ಮುಂಚೆ ಟ್ಯೂಬ್ ಅಲುಗಾಡಿಸಿ.

ಸಲಕರಣೆ: ಆಟೋಕ್ಲೇವ್ ಮಾಡಿದ ಬಿದಿರಿನ ಟೂತ್‌ಪಿಕ್ಕು, ದೊಡ್ಡ ಜಾಗಕ್ಕೆ ಸ್ಟೆರೈಲ್ ಹತ್ತಿಕಡ್ಡಿ. ಪೇಂಟ್ ಬ್ರಷ್ ಬೇಡ. ನೈಲಾನ್ ಕೂದಲು ಆಟೋಕ್ಲೇವಿನಲ್ಲಿ ಸುರುಟುತ್ತದೆ. ಟೂತ್‌ಪಿಕ್ಕಿನ ಚೂಪು ತುದಿ ಅಗಾರ್ ಕೊರೆಯುತ್ತದೆ, ಮೊಂಡು ತುದಿಯಿಂದಲೇ ಗೆರೆ ಎಳೆಯಿರಿ. ಒಂದು ಫಲಕಕ್ಕೆ ಒಂದು ಕಡ್ಡಿ.

ಎಳೆದ ಗೆರೆ ಕಣ್ಣಿಗೆ ಬೀಳುವುದಿಲ್ಲ ಎಂಬುದು ಹೊಸಬರ ಮೊದಲ ತೊಂದರೆ. ಎಲ್ಲಿ ಮುಗಿಸಿದೆವೆಂದು ಮರೆತು ಒಂದೇ ಗೆರೆಯನ್ನು ಮತ್ತೆ ಎಳೆದರೆ ಆ ಜಾಗ ದಪ್ಪಗೆ ಉಬ್ಬುತ್ತದೆ. ನಕ್ಷೆಯ ಮೇಲೆ ಫಲಕಗಳಿಗೆ ನಂಬರ್ ಹಾಕಿ, ಮುಗಿದದ್ದಕ್ಕೆ ಇನ್ನೊಂದು ಪ್ರತಿಯಲ್ಲಿ ಟಿಕ್ ಹಾಕುತ್ತಾ ಹೋಗಿ. ಚಿತ್ರವನ್ನು ತಳದ ಕಡೆಯಿಂದ ತೋರಿಸುವುದಾದರೆ ಎಡಬಲ ಅದಲುಬದಲಾಗುತ್ತದೆ. ಆಮೆಗೆ ಅಡ್ಡಿಯಿಲ್ಲ, ಅಕ್ಷರ ಬರೆದಿದ್ದರೆ ಕೆಟ್ಟಿತು.

ಪ್ಯಾರಾಫಿಲ್ಮ್ (ಹಿಗ್ಗುವ ಮೇಣದಂಥ ಪಟ್ಟಿ) ಸುತ್ತಿ, ಮಗುಚಿ, 30° ಸೆ.ನಲ್ಲಿ ಇಡಿ.

ಹಂತ 5: ಬಲೆ (48 ಗಂಟೆಯ ನಂತರ)

ಆಮೆ ಮತ್ತು ಬಲೆಯನ್ನು ಒಂದೇ ದಿನ ಹಾಕಿದ ಪ್ಲೇಟುಗಳಲ್ಲಿ ಆಮೆ ಮೂಡಲೇ ಇಲ್ಲ. ಹಳದಿ ಕಣ್ಣಿಗೆ ಬೀಳುವಷ್ಟಾಗಲು ಎರಡು ದಿನ ಬೇಕು, ಅಷ್ಟರೊಳಗೆ ಮೈಕಾಯ್ಡಿಸ್ ಪ್ಲೇಟಿನ ದೊಡ್ಡ ಪಾಲು ನುಂಗಿರುತ್ತದೆ. ಆದ್ದರಿಂದ ಆಮೆ ಬಣ್ಣಕ್ಕೆ ಬಂದ ಮೇಲೆ, 48 ಗಂಟೆಗೆ, ಪ್ಲೇಟಿನ ಒಂದೇ ಅಂಚಿನಲ್ಲಿ 20 ಮಿ.ಮೀ. ಅಂತರಕ್ಕೆ ಮೂರು ಚುಕ್ಕೆ ಮುಟ್ಟಿಸಿ. ಸುತ್ತಲೂ ಹಾಕಬೇಡಿ, ಆಗ ಬಲೆ ಬರುತ್ತಿರುವುದು ಕಾಣುವುದಿಲ್ಲ, ಬೂಷ್ಟು ಹಿಡಿದಂತೆ ಕಾಣುತ್ತದೆ.

ಮಾರನೇ ದಿನ ಅಂಚಿನಿಂದ ಎಳೆಗಳು ಹೊರಡುತ್ತವೆ. ಪ್ರತಿ ಎಳೆಯೂ ಒಂದೇ ದಿಕ್ಕಿಗೆ ಬಾಗಿ ಕವಲೊಡೆಯುತ್ತದೆ. ಎಡಕ್ಕೋ ಬಲಕ್ಕೋ ಎಂಬುದು ತಳಿಯನ್ನು ಅವಲಂಬಿಸಿದೆ. ಲೆನ್ಸ್ ಹಿಡಿದು ನೋಡಿದರೆ ಬಿಡಿ ಎಳೆಗಳು ಒಂದನ್ನೊಂದು ದಾಟಿ ಕಣ್ಣು ಕಣ್ಣಾಗಿ ಹೆಣೆದುಕೊಂಡಿರುತ್ತವೆ. ಈಜುಗಾಲಿನ ತೆಳು ಗೆರೆಯ ಮೇಲೆ ನೇರ ಹತ್ತುತ್ತವೆ, ಚಿಪ್ಪಿನ ದಪ್ಪ ಗೆರೆ ಸಿಕ್ಕಲ್ಲಿ ಬದಿಯಿಂದ ಸುತ್ತಿ ಬರುತ್ತವೆ. ಮೊದಲು ಸಿಕ್ಕಿಬೀಳುವುದು ಈಜುಗಾಲು. ನಿಜವಾದ ಬಲೆಯಲ್ಲೂ ಆಮೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕಾಲು, ಕುತ್ತಿಗೆಗಳಲ್ಲಿ. ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ.

ವೇಗವನ್ನು ಶಾಖದಿಂದ ಹಿಡಿತದಲ್ಲಿಡಬಹುದು. 30° ಸೆ.ನಲ್ಲಿ ಬೇಗ ಹರಡುತ್ತದೆ. 22° ಸೆ.ಗೆ ಇಳಿಸಿದರೆ ನಿಧಾನವಾಗುತ್ತದೆ, ಫ್ರಿಜ್ಜಿಗೆ ಹಾಕಿದರೆ ಹೆಚ್ಚುಕಡಿಮೆ ನಿಲ್ಲುತ್ತದೆ. ಪ್ರದರ್ಶನಕ್ಕೆ ಮೂರು ಪ್ಲೇಟು ಒಟ್ಟಿಗೆ ಇಡುವುದು ಒಳ್ಳೆಯದು: ಬಲೆ ಹಾಕದ್ದು, ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು. ಒಂದೇ ಆದರೆ ನೋಡುವವರಿಗೆ ಕೊನೆಯ ಗೊಜ್ಜು ಮಾತ್ರ ಸಿಗುತ್ತದೆ. ಟೈಮ್‌ಲ್ಯಾಪ್ಸಿಗೆ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ 10 ನಿಮಿಷಕ್ಕೊಂದು ಚಿತ್ರ. ಪ್ಲೇಟನ್ನು ಮಗುಚಿಯೇ ಇಟ್ಟು ತಳದ ಕಡೆಯಿಂದ ತೆಗೆದರೆ ಮುಚ್ಚಳದ ಮಂಜು ಅಡ್ಡ ಬರುವುದಿಲ್ಲ.

ಹಂತ 6: ಎಲ್ಲ ಪ್ಲೇಟಲ್ಲೂ ಬಲೆ

ಇದು ಇಡೀ ಕೆಲಸದ ದುಬಾರಿ ಪಾಠ. ಬಲೆ ಹಾಕಿದ ನಂತರ ಅದೇ ಮೇಜಿನ ಮೇಲೆ ಬಿಡಿಸಿದ ಹೊಸ ಆಮೆಗಳ ನಡುವೆ ಅಲ್ಲಲ್ಲಿ ಬೇರು ಮೂಡತೊಡಗಿತು. ಮೇಜನ್ನು ಶೇ. 70 ಆಲ್ಕೋಹಾಲಿನಿಂದ ಒರೆಸಿದ್ದರೂ ಹೀಗಾಯಿತು. ಕಾರಣ ಸರಳ: ಬ್ಯಾಸಿಲಸ್‌ಗಳು ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಕಟ್ಟುತ್ತವೆ, ಆಲ್ಕೋಹಾಲ್ ಸ್ಪೋರನ್ನು ಕೊಲ್ಲುವುದಿಲ್ಲ. ಒರೆಸುವ ಬಟ್ಟೆಯೇ ಅವನ್ನು ಮೇಜಿನ ತುಂಬ ಹಂಚಿತ್ತು.

ಆಗ ಬದಲಿಸಿದ ಕ್ರಮ: ಆಗಷ್ಟೇ ಕಲಸಿದ ಬ್ಲೀಚ್, ಒಂದು ಪಾಲಿಗೆ ಒಂಬತ್ತು ಪಾಲು ನೀರು, 20 ನಿಮಿಷ ಮೇಲ್ಮೈ ಒದ್ದೆಯಾಗಿರಬೇಕು, ನಂತರ ನೀರಿನಿಂದ ಒರೆಸುವುದು. ಬ್ಲೀಚ್ ಮತ್ತು ಆಲ್ಕೋಹಾಲ್ ಎರಡನ್ನೂ ಬೆರೆಸಬೇಡಿ. ಮೈಕಾಯ್ಡಿಸ್‌ಗೆ ಬೇರೆ ಲೂಪು, ಬೇರೆ ಟ್ರೇ, ಬೇರೆ ಶೆಲ್ಫು. ಒಂದು ದಿನದಲ್ಲಿ ಬಲೆ ಮುಟ್ಟುವುದು ಕಟ್ಟಕಡೆಯ ಕೆಲಸ. ಶುದ್ಧ ಹಳದಿ, ಗುಲಾಬಿಗಳ ತಾಯಿ ಪ್ಲೇಟುಗಳನ್ನು ಬೇರೆ ಕೋಣೆಯ ಫ್ರಿಜ್ಜಿನಲ್ಲಿಡಿ. ಅವೂ ಕೆಟ್ಟರೆ ಮತ್ತೆ ಚಂಡೀಗಢಕ್ಕೆ ಅರ್ಜಿ ಹಾಕಿ ಕೂರಬೇಕು.

ಹಂತ 7: ಬೆಳಕಿನ ಪ್ಲೇಟು

ಲೀಟರಿಗೆ: ಟ್ರಿಪ್ಟೋನ್ 5 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 3 ಗ್ರಾಂ, ಗ್ಲಿಸರಾಲ್ 3 ಮಿ.ಲೀ., ಅಗಾರ್ 15 ಗ್ರಾಂ, ಸಮುದ್ರದ ನೀರು 750 ಮಿ.ಲೀ., ಬಟ್ಟಿ ಇಳಿಸಿದ ನೀರು 250 ಮಿ.ಲೀ. ಸಮುದ್ರದ ನೀರನ್ನು ಫಿಲ್ಟರ್ ಕಾಗದದಲ್ಲಿ ಸೋಸಿ, ಬೇರೆಯಾಗಿಯೇ ಆಟೋಕ್ಲೇವ್ ಮಾಡಿ ಬಿಸಿಯಲ್ಲಿ ಸೇರಿಸಿ. ಎಲ್ಲ ಒಟ್ಟಿಗೆ ಹಾಕಿದರೆ ಮೊಸರೊಡೆದಂತೆ ಗಸಿ ಕಟ್ಟುತ್ತದೆ. ನದಿ ಕೂಡುವ ಅಳಿವೆಯ ಬಳಿ ನೀರು ತರಬೇಡಿ, ಮಳೆಗಾಲದಲ್ಲಿ ಅದರಲ್ಲಿ ಉಪ್ಪೇ ಇರುವುದಿಲ್ಲ. ಒಳ್ಳೆಯ ನೀರು ಸಿಗದಿದ್ದರೆ ಅಯೋಡಿನ್ ಇಲ್ಲದ ಉಪ್ಪು ಲೀಟರಿಗೆ 30 ಗ್ರಾಂ. ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ 5 ಗ್ರಾಂ ಹಾಕಿ: ಬೆಳೆಯುತ್ತ ಹುಟ್ಟುವ ಆಮ್ಲವನ್ನು ಅದು ಹೀರುವುದರಿಂದ ಹೊಳಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಅಲಿವಿಬ್ರಿಯೊ ಫಿಶರಿಗೆ 22° ಸೆ. ಹಿತ. ಕರಾವಳಿಯ ಕೋಣೆಯ 30° ಸೆ.ನಲ್ಲಿ ಬೆಳೆದರೂ ಹೊಳೆಯುವುದಿಲ್ಲ. ಪ್ಲೇಟು ಸತ್ತಿದೆಯೆಂದು ಎಸೆಯುವವರು ಬಹಳ. ತಂಪನ್ನೂ ಕೊಡುವ ಬಿಒಡಿ ಇನ್‌ಕ್ಯುಬೇಟರ್ ಇಲ್ಲವಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಬಾಟಲಿ ಇಟ್ಟು, ಥರ್ಮಾಮೀಟರ್ ನೋಡುತ್ತ ಬಾಟಲಿ ಬದಲಿಸಿದರೂ ನಡೆಯುತ್ತದೆ.

ಹತ್ತಿಕಡ್ಡಿಯಿಂದ ಪ್ಲೇಟಿನ ಮೇಲರ್ಧಕ್ಕೆ ಅಲೆಗಳನ್ನು ಅಗಲವಾಗಿ ಬಳಿಯಿರಿ. ಆಮೆಮರಿಗಳನ್ನು ಬ್ಯಾಕ್ಟೀರಿಯಾದಿಂದ ಬಿಡಿಸುವುದು ವ್ಯರ್ಥ, ಕತ್ತಲಲ್ಲಿ ಎಲ್ಲವೂ ಹೊಳೆದು ಗುರುತು ಸಿಗುವುದಿಲ್ಲ. ಕಪ್ಪು ವಿನೈಲ್ ಸ್ಟಿಕ್ಕರನ್ನು 15 ಮಿ.ಮೀ. ಮರಿಗಳಾಗಿ ಕತ್ತರಿಸಿ ಪ್ಲೇಟಿನ ತಳಕ್ಕೆ ಹೊರಗಿನಿಂದ ಅಂಟಿಸಿದರೆ, ನೀಲಿಹಸಿರು ಹೊಳಪಿನ ಮುಂದೆ ಕಪ್ಪು ಮರಿಗಳು ಚೊಕ್ಕವಾಗಿ ಕಾಣುತ್ತವೆ. 24 ಗಂಟೆಯ ಸುಮಾರಿಗೆ ಹೊಳಪು ಜೋರು, ಎರಡನೇ ದಿನ ಇಳಿಯುತ್ತದೆ. ಫೋಟೋಗೆ ಫೋನಿನ ಪ್ರೊ ಮೋಡ್, ಐಎಸ್‌ಒ 1600, 30 ಸೆಕೆಂಡ್, ಟ್ರೈಪಾಡ್.

ಬೆಳಕು ಹುಟ್ಟಲು ಆಕ್ಸಿಜನ್ ಬೇಕು. ಭದ್ರವಾಗಿರಲಿ ಎಂದು ಎಪಾಕ್ಸಿ ಹಾಕಿ ಮುಚ್ಚಿದ ಪ್ಲೇಟು ಆರಿಹೋಯಿತು. ಪ್ಯಾರಾಫಿಲ್ಮ್ ಗಾಳಿಯನ್ನು ಬಿಡುತ್ತದೆ. ಪ್ಯಾರಾಫಿಲ್ಮ್ ಸುತ್ತಿದ ಪ್ಲೇಟನ್ನು ಅದಕ್ಕಿಂತ ಸಾಕಷ್ಟು ದೊಡ್ಡದಾದ, ಬೀಗದ ಪಾರದರ್ಶಕ ಡಬ್ಬಿಯೊಳಗೆ ಇಡಿ.

ಹಂತ 8: ತೋರಿಸುವುದು

ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆಲ್ಲ ಕಪ್ಪು ಕಾಗದ, ಮುಂದೆ ಇಣುಕುವ ಸೀಳು, ಮೇಲೊಂದು ಬಿಳಿ ಎಲ್‌ಇಡಿ, ಇನ್ನೊಂದು ಕೆಂಪು ಎಲ್‌ಇಡಿ, ಎರಡಕ್ಕೂ ಬೇರೆ ಸ್ವಿಚ್ಚು. ಬಿಸಿಲಿನಿಂದ ನೇರ ಬಂದವರಿಗೆ ಪೆಟ್ಟಿಗೆಯೊಳಗೆ ಏನೂ ಕಾಣುವುದಿಲ್ಲ. ಪರದೆ ಕಟ್ಟಿದ ಕತ್ತಲೆ ಕೋಣೆಯಲ್ಲಿ ಐದರಿಂದ ಹತ್ತು ನಿಮಿಷ ಕೂರಿಸಲೇಬೇಕು. ವಿವರಣೆಯನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಳ್ಳಿ: ಹೆಣ್ಣಾಮೆ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಡುವುದು, 45ರಿಂದ 60 ದಿನಕ್ಕೆ ಮರಿ ಹೊರಡುವುದು, ರಾತ್ರಿ ಸಮುದ್ರದ ತೆರೆದ ದಿಗಂತವೇ ಹೆಚ್ಚು ಬೆಳಗಿರುವುದರಿಂದ ಮರಿಗಳು ಅತ್ತ ಹರಿಯುವುದು, ದಡದ ಮೇಲೆ ಬಲ್ಬು ಉರಿಯುತ್ತಿದ್ದರೆ ದಿಕ್ಕು ತಪ್ಪುವುದು.

ಆಮೇಲೆ ಸ್ವಿಚ್ಚು. ಬಿಳಿ ಎಲ್‌ಇಡಿಯನ್ನು ಕ್ಷಣ ಹೊತ್ತಿಸಿ ಆರಿಸಿದರೆ ಸಮುದ್ರ ಮಾಯ, ಮತ್ತೆ ಕಾಣಲು ನಿಮಿಷಗಳು ಬೇಕು. ಮಂದ ಕೆಂಪು ಹೊತ್ತಿಸಿ ಆರಿಸಿದರೆ ಹೊಳಪು ಹಾಗೇ ಸಿಗುತ್ತದೆ. ಒಂದು ಎಚ್ಚರಿಕೆ: ಇದು ಮನುಷ್ಯರ ಕಣ್ಣಿನ ಕತೆ. ಮರಿಗಳು ದಾರಿ ತಪ್ಪುವುದು ಬೆಳಕಿನತ್ತ ಹೋಗುವುದರಿಂದ. ಎರಡನ್ನೂ ಒಂದೇ ಎಂದು ಹೇಳಿಬಿಟ್ಟರೆ ತಿಳಿದವರು ಹಿಡಿಯುತ್ತಾರೆ. ಆಮೆಗಳಿರುವ ದಡಕ್ಕೆ ಸೂಚಿಸುವುದೂ ಕೆಂಪು-ಅಂಬರ್ ಬಣ್ಣದ, ತಗ್ಗಿನಲ್ಲಿ ಮರೆಮಾಡಿದ ದೀಪಗಳನ್ನೇ ಎಂಬಲ್ಲಿಗೆ ಮಾತು ತಂದು ನಿಲ್ಲಿಸಿ.

ಬಲೆ ಪ್ಲೇಟಿನ ಪಕ್ಕ ಇಡುವ ವಿವರಣಾ ಫಲಕದ ಬರಹದಲ್ಲೂ ಹುಷಾರು. ಹೊನ್ನಾವರದ ಕಾಸರಕೋಡಿನಂಥ ಊರಲ್ಲಿ ಆಮೆ ಗೂಡು ಕಂಡರೆ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವವರೇ ಮೀನುಗಾರರು. ‘ಮೀನುಗಾರರ ಬಲೆ ಆಮೆಯನ್ನು ಕೊಲ್ಲುತ್ತದೆ’ ಎಂಬ ಒಕ್ಕಣೆ ಇಟ್ಟರೆ ಅವರು ಮುಖ ತಿರುಗಿಸಿ ಹೋಗುತ್ತಾರೆ, ಹೋಗಬೇಕಾದ್ದೇ. ಕಳೆದುಹೋದ ಬಲೆ ಅವರಿಗೂ ನಷ್ಟ. ನೈಲಾನ್ ಕೊಳೆಯುವುದಿಲ್ಲ, ಒಡೆಯನಿಲ್ಲದೆಯೂ ಹಿಡಿಯುತ್ತಲೇ ಇರುತ್ತದೆ, ಹರಿದ ತುಂಡನ್ನು ದಡಕ್ಕೆ ತನ್ನಿ ಎಂದಷ್ಟೇ ಬರೆದರೆ ಸಾಕು. ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ ಎಂಬುದು ಕೆಳಗೆ ಸಣ್ಣಕ್ಷರದಲ್ಲಿ ಇರಲಿ.

ಹಂತ 9: ವಿಲೇವಾರಿ, ಖರ್ಚು

ಹೊರಗೆ ಹೋದ ಪ್ರತಿ ಪ್ಲೇಟಿಗೂ ನಂಬರು, ಹೋದದ್ದು ಬಂದದ್ದು ರಿಜಿಸ್ಟರಿನಲ್ಲಿ. ಡಬ್ಬಿಯನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಎಲ್ಲ ಪ್ಲೇಟು ಆಟೋಕ್ಲೇವ್ ಬ್ಯಾಗಿನಲ್ಲಿ 121° ಸೆ., ಬಲೆ ಪ್ಲೇಟುಗಳಿಗೆ 45 ನಿಮಿಷ. ಬ್ಯಾಗಿನಡಿ ಸ್ಟೀಲ್ ಟ್ರೇ ಇಡದಿದ್ದರೆ ಕರಗಿದ ಪ್ಲಾಸ್ಟಿಕ್ಕೂ ಅಗಾರೂ ಸೇರಿ ತಳಕ್ಕೆ ಅಂಟುತ್ತವೆ.

ಖರ್ಚಿನಲ್ಲಿ ದೊಡ್ಡ ಪಾಲು 150 ಮಿ.ಮೀ. ಪ್ಲೇಟುಗಳದ್ದು, ನಂತರ ತಳಿಗಳದ್ದು. ಮಾಧ್ಯಮದ ಪುಡಿ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಅಭ್ಯಾಸದ ಪ್ಲೇಟಿಗೆ ದಿನಸಿ ಅಂಗಡಿಯ ಚೈನಾ ಗ್ರಾಸ್ ನಡೆಯುತ್ತದೆ, ತುಸು ಮಬ್ಬು ಅಷ್ಟೆ. ಅದೂ ಕೆಂಪು ಕಡಲಪಾಚಿಯದೇ ಸಾರ. ರಾಮನಾಥಪುರದ ಕಡಲಲ್ಲಿ ಹೆಂಗಸರು ಮುಳುಗಿ ತರುವ ಗೆಲಿಡಿಯೆಲ್ಲ ಪಾಚಿಯಿಂದಲೂ ಅಗಾರ್ ತಯಾರಾಗುತ್ತದೆ ಎಂಬುದನ್ನು ವಿವರಣಾ ಫಲಕದಲ್ಲಿ ಸೇರಿಸಬಹುದು.

ಬಾಕಿ ಉಳಿದಿರುವುದು ಬೆಳಕಿನ ಪ್ಲೇಟಿನ ಆಯುಸ್ಸು. ಸದ್ಯಕ್ಕೆ 12 ಗಂಟೆಗೊಂದು ಹೊಸ ಪ್ಲೇಟು ಬಳಿದು ಸರದಿಯಲ್ಲಿ ಇಡುವುದೇ ದಾರಿ. ಗ್ಲಿಸರಾಲ್ ಅರ್ಧಕ್ಕಿಳಿಸಿ, ಕಾರ್ಬೊನೇಟ್ 10 ಗ್ರಾಂಗೆ ಏರಿಸಿದ ಪ್ಲೇಟುಗಳು ಈಗ ಇನ್‌ಕ್ಯುಬೇಟರಿನಲ್ಲಿವೆ.